ನೆಕ್ಸ್ಟ್, ನೆಕ್ಸ್ಟ್, ಫಿನಿಶ್

ಯಲಹಂಕವೇ ಇರಲಿ, ಹೆಬ್ಬಾಳವೇ ಇರಲಿ, ನಮ್ಮ ಕಡೆ ಮನೆ ಕಂಪ್ಯೂಟರ್ ಸ್ವಲ್ಪ ಮೊಂಡಾಟ ಮಾಡಿದರೆ ಸಾಕು, ರಿಪೇರಿಗೆ ಬಂದ ಹುಡುಗ ಹೇಳೋದು ಒಂದೇ ಮಾತು: "ಫಾರ್ಮ್ಯಾಟ್ ಹೊಡೆದುಬಿಡೋಣ ಸಾರ್." ಏನಾಗಿದೆ ಅಂತ ನೋಡಲ್ಲ, ಎಲ್ಲಿಂದ ಬಂತು ಅಂತ ಕೇಳಲ್ಲ. ಬ್ಯಾಗಿನಿಂದ ಪೆನ್‌ಡ್ರೈವ್ ತೆಗೆದ, ಚುಚ್ಚಿದ, ನೀವು ಕಾಫಿ ತರೋಷ್ಟರಲ್ಲಿ ಮಗನ ಮದುವೆ ಫೋಟೊ, ಮೊಮ್ಮಗಳ ನಾಮಕರಣದ ವಿಡಿಯೊ, ಮನೆ ಕಂದಾಯದ ರಸೀದಿ ಎಲ್ಲಾ ಸ್ವಾಹಾ. ಹೋಗುವಾಗ "ಈಗ ಎಷ್ಟು ಫಾಸ್ಟ್ ಆಗಿದೆ ನೋಡಿ" ಅಂತಾನೆ. ಆಗದೇ ಏನು, ಒಳಗೆ ಏನೂ ಉಳಿದಿಲ್ಲವಲ್ಲ!

ಈ ಮಾತಾಡೋಕೆ ನನಗೆ ಸ್ವಲ್ಪ ಹಕ್ಕಿದೆ. ಯಶವಂತಪುರದ ಮಾರ್ಕೆಟ್ ಯಾರ್ಡಿನ ಹತ್ತಿರ ಬಹಳ ಕಾಲ ಡಿಟಿಪಿ ಅಂಗಡಿ ಇಟ್ಟಿದ್ದವನು ನಾನು. ಲಗ್ನಪತ್ರಿಕೆ, ಈರುಳ್ಳಿ ಮಂಡಿಯವರ ಬಿಲ್ ಬುಕ್ಕು, ರಾಜ್ಯೋತ್ಸವದ ಕರಪತ್ರ, ಕಾಲೇಜು ಹುಡುಗರ ಪ್ರಾಜೆಕ್ಟ್ ರಿಪೋರ್ಟು. ಗಿರಾಕಿಗೊಂದು ಪೆನ್‌ಡ್ರೈವ್, ಪೆನ್‌ಡ್ರೈವಿಗೊಂದು ವೈರಸ್. ಈಗ ಅಂಗಡಿ ಇಲ್ಲ. ಯಲಹಂಕ ನ್ಯೂಟೌನಿನಲ್ಲಿ ಮನೆ, ಸಂಜೆ ಗಿಡಗಳಿಗೆ ನೀರು, ಕಾಂಪೌಂಡ್ ಗೋಡೆಯ ಆಚೆ ರಾಯರು.

ರಾಯರು ವೀಲ್ ಅಂಡ್ ಆಕ್ಸಲ್‌ನಲ್ಲಿದ್ದು ರಿಟೈರಾದವರು. ಅದಕ್ಕೆ ಈಗ ರೈಲ್ ವೀಲ್ ಫ್ಯಾಕ್ಟರಿ ಅಂತ ಹೆಸರಾದರೂ ಯಲಹಂಕದವರ ಬಾಯಲ್ಲಿ ಹಳೆಯದೇ. ಇನ್ಸ್‌ಪೆಕ್ಷನ್ ಸೆಕ್ಷನ್ನಿನಲ್ಲಿ ಕೆಲಸ. ರೈಲುಗಾಲಿಯೊಳಗೆ ಕಣ್ಣಿಗೆ ಕಾಣದ ಬಿರುಕಿದ್ದರೂ ಅಲ್ಟ್ರಾಸೋನಿಕ್ ಹಾಕಿ ಹಿಡಿದು, ಪಕ್ಕಕ್ಕೆ ತಳ್ಳಿಸುತ್ತಿದ್ದ ಮನುಷ್ಯ. ಇವತ್ತಿಗೂ ಕೆಇಬಿ ಬಿಲ್ಲನ್ನು ಹಿಂದೆ ಮುಂದೆ ತಿರುಗಿಸಿ ಓದದೆ ಕಟ್ಟೋದಿಲ್ಲ. (ಅದೂ ಬೆಸ್ಕಾಂ ಆಗಿ ಎಷ್ಟೋ ವರ್ಷವಾಯಿತು. ಇರಲಿ.)

"ಏನಪ್ಪಾ, ಪುರುಸೊತ್ತಿದೆಯಾ?" ಅಂತ ಗೋಡೆ ಮೇಲೆ ಮೊಣಕೈ ಊರಿದರು. ದನಿ ತಗ್ಗಿಸಿ, "ನನ್ನ ಕಂಪ್ಯೂಟರಿಗೆ ಪೆಗಾಸಸ್ ಬಂದಿದೆ" ಅಂದರು.

"ಯಾರು ಹೇಳಿದ್ದು ಸಾರ್?"

"ಯಾರು ಹೇಳಬೇಕು? ನಾನು ಮೊಣಕಾಲು ನೋವು ಅಂತ ಹುಡುಕಿದರೆ ಮೂರು ಕಡೆಯಿಂದ ಎಣ್ಣೆ ಜಾಹೀರಾತು ಬರುತ್ತೆ. ಯಾರೋ ಕೂತು ನೋಡ್ತಾ ಇದ್ದಾರೆ."

ರಾಯರಿಗೆ ಹೇಗೆ ಹೇಳೋದು? ಪೆಗಾಸಸ್ ಇಸ್ರೇಲಿನ ಎನ್‌ಎಸ್‌ಒ ಕಂಪನಿಯದ್ದು, ಸರ್ಕಾರಗಳಿಗೆ ಬಿಟ್ಟು ಬೇರೆಯವರಿಗೆ ಮಾರಲ್ಲ ಅಂತ ಕಂಪನಿಯೇ ಹೇಳಿಕೊಳ್ಳುತ್ತೆ. ಅದು ಹೊಂಚು ಹಾಕೋದು ಫೋನಿಗೆ. 2021ರ ಜುಲೈನಲ್ಲಿ ಪತ್ರಿಕೆಗಳು ಹೊರಗೆಡವಿದ ಪಟ್ಟಿಯಲ್ಲಿ ಕರ್ನಾಟಕದವರ ನಂಬರುಗಳೂ ಇದ್ದವು ಅಂತ ವರದಿಯಾಗಿತ್ತು. 2019ರಲ್ಲಿ ಮೈತ್ರಿ ಸರ್ಕಾರ ಅಲ್ಲಾಡುತ್ತಿದ್ದ ಹೊತ್ತಿನ ಉಪಮುಖ್ಯಮಂತ್ರಿಯದ್ದು, ಮುಖ್ಯಮಂತ್ರಿಯ ಆಪ್ತ ಕಾರ್ಯದರ್ಶಿಯದ್ದು. ಸುಪ್ರೀಂ ಕೋರ್ಟು ತನಿಖೆಯ ಉಸ್ತುವಾರಿ ವಹಿಸಿದ್ದೂ ನಮ್ಮ ಹೈಕೋರ್ಟಿನಿಂದ ಮೇಲೆ ಹೋದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರಿಗೇ. 2022ರ ಆಗಸ್ಟಿನಲ್ಲಿ ಹೊರಬಿದ್ದದ್ದು ಇಷ್ಟು: ಪರೀಕ್ಷೆಗೆ ಬಂದ 29 ಫೋನುಗಳಲ್ಲಿ 5ರಲ್ಲಿ ಏನೋ ಕುತಂತ್ರಾಂಶ ಇತ್ತು, ಅದು ಪೆಗಾಸಸ್ಸೇ ಅಂತ ಖಚಿತವಾಗಿ ಹೇಳೋಕಾಗಲಿಲ್ಲ.

"ಅಷ್ಟು ದುಬಾರಿ ಸಾಮಾನು ನಮ್ಮ ಸೆಕ್ಟರಿಗೆ ಯಾಕೆ ಸಾರ್ ಬರುತ್ತೆ?" ಅಂದೆ. ರಾಯರ ಮುಖ ಸ್ವಲ್ಪ ಇಳಿಯಿತು.

ಒಳಗಿನಿಂದ ಅಮ್ಮಾವರು ಬಂದರು, ಕೈಯಲ್ಲಿ ಸೊಪ್ಪಿನ ತಟ್ಟೆ. "ಪೆಗಾಸಸ್ಸೂ ಇಲ್ಲ, ಎಂಥದ್ದೂ ಇಲ್ಲ ಕಣಪ್ಪಾ. ಮೊಮ್ಮಗಳಿಗೆ ಬಂದಿರೋ ಜಾತಕ ಕೂಡಿಸಿ ನೋಡ್ತೀನಿ ಅಂತ ಇಂಟರ್ನೆಟ್ಟಿಂದ ಏನೋ ಫ್ರೀ ಇಳಿಸಿಕೊಂಡರು. ಆವತ್ತಿಂದ ಶುರು."

ಕೇಸು ಅರ್ಧ ಅಲ್ಲೇ ಬಗೆಹರಿಯಿತು. ಉಳಿದರ್ಧಕ್ಕೆ ಗೇಟು ದಾಟಿ ಅವರ ಮನೆಯೊಳಗೆ ಹೋದೆ. ಮೊದಲ ಕೆಲಸ, ನೆಟ್ ವೈರ್ ಕಿತ್ತು ಪಕ್ಕಕ್ಕಿಟ್ಟದ್ದು. ಒಳಗೆ ಕೂತಿರೋದು ಏನೇ ಆಗಲಿ, ಕದ್ದದ್ದನ್ನ ಹೊರಗೆ ಕಳಿಸೋಕೆ ಅದಕ್ಕೆ ಬೇಕಾದದ್ದು ಆ ವೈರೇ. ವೈಫೈ ಆದರೆ ಆಫ್ ಮಾಡಿ. ಇಷ್ಟು ಮಾಡೋಕೆ ಯಾವ ಎಂಜಿನಿಯರೂ ಬೇಡ. ಆದರೂ ಜನ ಮಾಡಲ್ಲ. ನೆಟ್ ಹಾಗೇ ಇಟ್ಟುಕೊಂಡು, ಅದೇ ರೋಗಿಷ್ಠ ಕಂಪ್ಯೂಟರಿನಲ್ಲಿ ಪರಿಹಾರ ಹುಡುಕುತ್ತಾ ಇನ್ನೂ ನಾಲ್ಕು ಸಾಫ್ಟ್‌ವೇರ್ ಇಳಿಸಿಕೊಳ್ಳುತ್ತಾರೆ.

ಎರಡನೆಯದು, ಕಂಟ್ರೋಲ್ ಪ್ಯಾನೆಲ್ ತೆಗೆದು, ಹಾಕಿರೋ ಪ್ರೋಗ್ರಾಂಗಳನ್ನ ತಾರೀಖಿನ ಪ್ರಕಾರ ಜೋಡಿಸಿದ್ದು. ಜಾತಕದ ಸಾಫ್ಟ್‌ವೇರ್ ಬಂದ ದಿನವೇ ಒಂದು ಪಿಡಿಎಫ್ ಕನ್ವರ್ಟರು, ಒಂದು ಕೂಪನ್ ಹುಡುಕೋದು, ಕಂಪ್ಯೂಟರಿನ ಸ್ಪೀಡ್ ಹೆಚ್ಚಿಸ್ತೀನಿ ಅನ್ನೋದೊಂದು, ಬ್ರೌಸರಿನ ಹಣೆ ಮೇಲೆ ಕೂರೋ ಟೂಲ್‌ಬಾರು.

"ಇವನ್ನೆಲ್ಲ ನಾನು ಹಾಕೇ ಇಲ್ಲವಲ್ಲಪ್ಪಾ!"

"ನೀವೇ ಹಾಕಿದ್ದು ಸಾರ್. ನೆಕ್ಸ್ಟ್, ನೆಕ್ಸ್ಟ್, ಫಿನಿಶ್ ಅಂತ ಒತ್ತಿದ್ರಲ್ಲ, ಪ್ರತಿ ಪರದೆಯಲ್ಲೂ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು, ಅದರ ಮುಂದೆ ಮೊದಲೇ ಟಿಕ್ ಹಾಕಿದ ಚೌಕ. 'ಇದನ್ನೂ ಹಾಕಲು ನನ್ನ ಒಪ್ಪಿಗೆ ಇದೆ' ಅಂತ. ನೀವು ಒಪ್ಪಿದ್ದೀರಿ."

ಗಾಲಿಯ ಬಿರುಕು ಹಿಡಿದ ಕಣ್ಣು, ಆ ಚೌಕವನ್ನು ಬಿಟ್ಟುಬಿಟ್ಟಿದೆ. ರಾಯರೊಬ್ಬರ ತಪ್ಪಲ್ಲ. ಬಿಟ್ಟಿ ಸಾಫ್ಟ್‌ವೇರ್ ಹಂಚೋ ಸೈಟುಗಳಲ್ಲಿ ದೊಡ್ಡದಾಗಿ ಹಸಿರು ಬಣ್ಣದಲ್ಲಿ ಡೌನ್‌ಲೋಡ್ ಅಂತ ಇರೋದು ಬಹಳ ಸಲ ಜಾಹೀರಾತು. ನಿಜವಾದ ಕೊಂಡಿ ಅದರ ಕೆಳಗೆಲ್ಲೋ ಇರುವೆಯಷ್ಟು ಗಾತ್ರದಲ್ಲಿರುತ್ತೆ. ಓದದೆ ಒತ್ತಲಿ ಅಂತಲೇ ಕೂತು ವಿನ್ಯಾಸ ಮಾಡಿದ ಪರದೆಯನ್ನ ಎಪ್ಪತ್ತು ದಾಟಿದವರು ಓದದೆ ಒತ್ತಿದರೆ ಬೈಯೋದು ಯಾರನ್ನ?

ರಾಯರ ಮನೆ ಕಿಟಕಿಯಿಂದ ಪಕ್ಕದ ಖಾಲಿ ಸೈಟು ಕಾಣುತ್ತೆ. ಸೊಂಟದೆತ್ತರ ಪಾರ್ಥೇನಿಯಂ, ನಮ್ಮ ಕಾಂಗ್ರೆಸ್ ಗಿಡ. "ಅದು ಈ ದೇಶಕ್ಕೆ ಹೇಗೆ ಬಂತು ಹೇಳಿ ಸಾರ್" ಅಂದೆ.

"ಅಮೆರಿಕದ ಗೋಧಿ ಜೊತೆ. ಪಿಎಲ್ 480."

"ಗೋಧಿ ಬೇಕು ಅಂದ್ವಿ, ಮೂಟೆಯೊಳಗೆ ಅದರ ಬೀಜವೂ ಬಂತು ಅಂತಾರೆ. ಐವತ್ತರ ದಶಕದಲ್ಲಿ ಪುಣೆ ಹತ್ತಿರ ಕಾಣಿಸಿಕೊಂಡದ್ದು, ಆಮೇಲೆ ನಮ್ಮ ಇಡೀ ಬೆಂಗಳೂರಿನ ಖಾಲಿ ಸೈಟೆಲ್ಲ ಅದರದ್ದೇ. ನಿಮ್ಮ ಜಾತಕದ ಮೂಟೆಯೊಳಗೂ ಹಾಗೇ ಬಂದಿರೋದು."

ರಾಯರು ಬಿಡಲಿಲ್ಲ. "ಹಾಗಾದರೆ ದುಂಬಿ ಬಿಡಬೇಕು. ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯವರು ಬಿಟ್ಟಿದ್ದರಲ್ಲ." ನೆನಪು ಚೆನ್ನಾಗಿದೆ. 1983ರಲ್ಲಿ ಮೆಕ್ಸಿಕೊದಿಂದ ಜೈಗೋಗ್ರಾಮ ಅನ್ನೋ ದುಂಬಿಯನ್ನ ಬೆಂಗಳೂರಿಗೆ ತಂದರು, ಮುಂದಿನ ವರ್ಷ ಹೊರಗೆ ಬಿಟ್ಟರು. ಎಲೆ ತಿಂದು ಗಿಡವನ್ನ ಬೋಳು ಮಾಡುತ್ತೆ, ಮಳೆಗಾಲದಲ್ಲಿ ಈಗಲೂ ಕಾಣಿಸುತ್ತೆ. ಆದರೆ ಮಣ್ಣಲ್ಲಿರೋ ಬೀಜವನ್ನ ಅದು ಮುಟ್ಟಲ್ಲ.

ಕಂಪ್ಯೂಟರಿನಲ್ಲೂ ಬೀಜದ್ದೇ ತಲೆನೋವು. ಕಂಟ್ರೋಲ್ ಪ್ಯಾನೆಲ್‌ನಿಂದ ಒಂದೊಂದೇ ಅನ್‌ಇನ್‌ಸ್ಟಾಲ್ ಮಾಡಿದೆ. ಕೂಪನ್ನಿನದ್ದು ಹೋಗುವಾಗ "ನಿಜವಾಗಿಯೂ ನಮ್ಮನ್ನ ಬಿಟ್ಟು ಹೋಗ್ತೀರಾ?" ಅಂತ ಅಳುಮುಖ ತೋರಿಸಿತು. ಎರಡು ಬಟನ್ನು, ಉಳಿಸಿಕೊಳ್ಳೋದು ದೊಡ್ಡದು, ತೆಗೆಯೋದು ಮಸುಕು. ರಾಯರಿಗೆ ಕನಿಕರ ಬಂದಿತ್ತು, ನಾನು ಒತ್ತಿದೆ. ರೀಸ್ಟಾರ್ಟ್ ಮಾಡಿದರೆ ಟೂಲ್‌ಬಾರ್ ಮತ್ತೆ ಹಾಜರ್! ಇಂಥವು ಟಾಸ್ಕ್ ಶೆಡ್ಯೂಲರಿನಲ್ಲಿ ಒಂದು ಚೀಟಿ ಬರೆದಿಟ್ಟು ಹೋಗಿರುತ್ತವೆ, 'ಪ್ರತಿ ಸಲ ಕಂಪ್ಯೂಟರ್ ಎದ್ದಾಗ ನನ್ನನ್ನೂ ಎಬ್ಬಿಸು' ಅಂತ. ಕೆಲವು ಎರಡೆರಡು ಜೊತೆಯಾಗಿ ಕಾವಲಿರುತ್ತವೆ. ಒಂದನ್ನ ನಿಲ್ಲಿಸಿದರೆ ಇನ್ನೊಂದು ಅದನ್ನ ಎಬ್ಬಿಸುತ್ತೆ. ಶೆಡ್ಯೂಲರಿನ ಚೀಟಿ ಹರಿದು, ಸ್ಟಾರ್ಟಪ್ ಪಟ್ಟಿಯಿಂದ ತೆಗೆದು, ಬ್ರೌಸರಿನ ಎಕ್ಸ್‌ಟೆನ್ಶನ್ನುಗಳಲ್ಲಿ ಗುರುತಿಲ್ಲದ್ದನ್ನೆಲ್ಲ ಕಿತ್ತ ಮೇಲೆ ಸುಮ್ಮನಾಯಿತು.

ಆಮೇಲೆ ವಿಂಡೋಸ್ ಜೊತೆಗೇ ಬರೋ ಡಿಫೆಂಡರಿನಲ್ಲಿ ಆಫ್‌ಲೈನ್ ಸ್ಕ್ಯಾನ್ ಹಾಕಿದೆ. ಬಹಳ ಜನಕ್ಕೆ ಇದು ಇರೋದೇ ಗೊತ್ತಿಲ್ಲ. ವಿಂಡೋಸ್ ಪೂರ್ತಿ ಏಳೋಕೆ ಮುಂಚೆ, ಹೊರಗಡೆಯಿಂದ ಬಂದು ನೋಡುತ್ತೆ. ಒಳಗೆ ಓಡುತ್ತಿರೋ ಪ್ರೋಗ್ರಾಂ ತನ್ನನ್ನ ತಾನು ಮುಚ್ಚಿಡಬಲ್ಲದು. ಏಳೋಕೇ ಬಿಡದಿದ್ದರೆ ಮುಚ್ಚಿಡೋದು ಹೇಗೆ? ಕಾಲು ಗಂಟೆ ಸಾಕು. ಅದು ಓಡುವಾಗ ಅಮ್ಮಾವರು ಚುರುಮುರಿ ತಂದರು.

ಅಂಗಡಿ ಕಾಲದಲ್ಲಿ ಇಷ್ಟೆಲ್ಲ ಅನುಕೂಲ ಎಲ್ಲಿತ್ತು? ಗಿರಾಕಿ ಪೆನ್‌ಡ್ರೈವ್ ಕೊಟ್ಟು "ನಮ್ಮ ತಂಗಿ ಮದುವೆ ಮ್ಯಾಟರ್ ಇದೆ" ಅನ್ನೋನು, ತೆಗೆದರೆ ಫೋಲ್ಡರೆಲ್ಲ ಮಾಯ, ಎಲ್ಲ ಶಾರ್ಟ್‌ಕಟ್. ಅವನ ಮುಖ ಬಿಳುಚಿಕೊಳ್ಳೋದು. ಏನೂ ಹೋಗಿರ್ತಿರಲಿಲ್ಲ, ಅಡಗಿಸಿಟ್ಟಿರ್ತಿತ್ತು ಅಷ್ಟೇ. ಕಪ್ಪು ಪರದೆ ತೆಗೆದು ಆಟ್ರಿಬ್, ಮೈನಸ್ ಎಚ್, ಮೈನಸ್ ಆರ್, ಮೈನಸ್ ಎಸ್ ಅಂತ ಹೊಡೆದರೆ ಮದುಮಗ, ಮದುಮಗಳು, ಮುಹೂರ್ತ ಎಲ್ಲ ವಾಪಸ್. ಮತ್ತಿಕೆರೆಯಿಂದ ಆರ್.ಟಿ. ನಗರದವರೆಗೆ ಡಿಟಿಪಿಯವರಿಗೆಲ್ಲ ಅದು ಬಾಯಿಪಾಠ. ಪೆನ್‌ಡ್ರೈವ್ ಚುಚ್ಚಿದ ತಕ್ಷಣ ತಾನಾಗೇ ಓಡೋ ಆಟೊರನ್ ಅನ್ನೋ ಸೌಲಭ್ಯವನ್ನ ಹಳೇ ವಿಂಡೋಸ್‌ಗಳಲ್ಲಿ ಮೈಕ್ರೋಸಾಫ್ಟ್ ಬಂದ್ ಮಾಡಿದ್ದು 2011ರಲ್ಲಿ. ಅದಕ್ಕೆ ಮುಂಚೆ 2008ರಲ್ಲಿ ಹುಟ್ಟಿದ ಕಾನ್ಫಿಕರ್ ಆ ದಾರಿಯಲ್ಲೂ ಜಗತ್ತು ಸುತ್ತಿ ಮುಗಿಸಿತ್ತು.

ಗೂಢಚಾರಿಗಳ ಸುಗ್ಗಿ ಅದಕ್ಕೂ ಹಿಂದಿನದು. 2003ರ ಸುಮಾರಿಗೆ ಕೂಲ್‌ವೆಬ್‌ಸರ್ಚ್ ಅಂತ ಒಂದು ಬಂತು. ಬ್ರೌಸರಿನ ಹೋಂ ಪೇಜನ್ನೇ ಕಬಳಿಸೋದು, ಎಷ್ಟು ಸಲ ಬದಲಾಯಿಸಿದರೂ ತನ್ನ ಪುಟಕ್ಕೇ ಎಳೆಯೋದು. ಅದನ್ನ ಕೀಳೋಕೆ ಉಪಕರಣ ಬರೆದವನು ನೆದರ್‌ಲೆಂಡ್ಸಿನ ಒಬ್ಬ ವಿದ್ಯಾರ್ಥಿ, ಮೆರೈನ್ ಬೆಲ್ಲೆಕೊಮ್. ಅವನದೇ ಹೈಜಾಕ್‌ದಿಸ್, ಕಂಪ್ಯೂಟರ್ ಎದ್ದಾಗ ಏನೇನು ಜೊತೆಗೆ ಏಳುತ್ತೋ ಅದನ್ನೆಲ್ಲ ಪಟ್ಟಿ ಮಾಡಿ ಕೈಗಿಡುತ್ತಿತ್ತು. ಜರ್ಮನಿಯ ಪ್ಯಾಟ್ರಿಕ್ ಕೊಲ್ಲಾ ಬರೆದ ಸ್ಪೈಬಾಟ್ ಇನ್ನೊಂದು. ಎರಡೂ ಬಿಟ್ಟಿ, ಎರಡೂ ಸಾಚಾ. ಅವುಗಳ ಹೆಸರು ಬಂದದ್ದೇ ತಡ, 2005ರ ಹೊತ್ತಿಗೆ ಸ್ಪೈಶೆರಿಫ್ ಅಂತ ಒಂದು ಹುಟ್ಟಿತು. 'ನಿಮ್ಮಲ್ಲಿ ಸ್ಪೈವೇರ್ ಇದೆ, ದುಡ್ಡು ಕೊಟ್ಟರೆ ತೆಗೀತೀನಿ' ಅನ್ನೋದು. ಒಳಗೆ ಬಂದು ಕೂತಿದ್ದ ಸ್ಪೈವೇರ್ ಅದೇ! ನನ್ನ ಕೇಳಿದರೆ ಈ ಧಂದೆಯಲ್ಲಿ ಅದಕ್ಕಿಂತ ದೊಡ್ಡ ಪ್ರತಿಭೆ ಆಮೇಲೆ ಹುಟ್ಟಿಲ್ಲ. ಈಗಿನವರೆಲ್ಲ ಅದರ ಮೊಮ್ಮಕ್ಕಳು.

ಅಷ್ಟರಲ್ಲಿ ಸ್ಕ್ಯಾನ್ ಮುಗಿಯಿತು. ರಾಯರು ಗಂಟಲು ಸರಿ ಮಾಡಿಕೊಂಡು, "ಇನ್ನೊಂದು ವಿಷಯ ಇದೆ" ಅಂದರು.

"ಹೇಳಿ, ಹೇಳಿ, ಅದನ್ನೂ ಹೇಳಿ" ಅಂದರು ಅಮ್ಮಾವರು.

ಪರದೆಯ ಬಲಗಡೆ ಮೂಲೆಯಲ್ಲಿ ಒಂದು ಪೆಟ್ಟಿಗೆ ಪದೇ ಪದೇ ಏಳುತ್ತಿತ್ತಂತೆ. 'ನಿಮ್ಮ ಕಂಪ್ಯೂಟರಿನಲ್ಲಿ ಐದು ವೈರಸ್ ಇದೆ, ಈ ನಂಬರಿಗೆ ಕರೆ ಮಾಡಿ.' ಯಾವುದೋ ಸೈಟಿನಲ್ಲಿ ಅಲೌ ಒತ್ತಿದ್ದಕ್ಕೆ ಬಂದ ಜಾಹೀರಾತು ಅದು, ಬ್ರೌಸರಿನ ನೋಟಿಫಿಕೇಶನ್ ಸೆಟ್ಟಿಂಗಿಗೆ ಹೋಗಿ ಆ ಸೈಟಿನ ಹೆಸರು ಅಳಿಸಿದರೆ ಮುಗೀತು. ರಾಯರು ಕರೆ ಮಾಡಿದ್ದರು. ದೊಡ್ಡ ಕಂಪನಿಯವನ ಹಾಗೆ ಮಾತಾಡಿದ ಒಬ್ಬ, ಎನಿಡೆಸ್ಕ್ ಹಾಕಿಸಿಕೊಂಡು ಒಳಗೆ ಬಂದ. (ಎನಿಡೆಸ್ಕ್ ನೆಟ್ಟಗಿನ ಸಾಫ್ಟ್‌ವೇರೇ. ರಾಯರ ಮಗ ಡಲ್ಲಾಸಿನಿಂದ ಅದರಲ್ಲೇ ರಿಪೇರಿ ಮಾಡ್ತಾನೆ. ಯಾರನ್ನ ಒಳಗೆ ಬಿಟ್ಟಿರಿ ಅನ್ನೋದು ಅದಕ್ಕೇನು ಗೊತ್ತು?) ಇವೆಂಟ್ ವ್ಯೂವರ್ ತೆಗೆದು ಕೆಂಪು, ಹಳದಿ ಗುರುತುಗಳ ರಾಶಿ ತೋರಿಸಿದ. ಆಮೇಲೆ ಹೇಳಿದ, "ನಂಬಿಕೆ ಇಲ್ಲದಿದ್ದರೆ ನಿಮ್ಮ ಕಂಪ್ಯೂಟರಿನ ಗುಪ್ತ ನಂಬರ್ ಹೇಳ್ತೀನಿ, ಸರಿಯಿದೆಯಾ ನೋಡಿಕೊಳ್ಳಿ."

"ಒಂದಕ್ಷರ ತಪ್ಪದೆ ಹೇಳಿದನಪ್ಪಾ! ಅದಕ್ಕೇ ನಂಬಿದೆ."

"ಎಂಟು ಎಂಟು ಎಂಟು, ಡಿ ಸಿ ಎ, ಆರು ಸೊನ್ನೆ ಅಂತ ಶುರುವಾಗೋದಾ ಸಾರ್?"

ರಾಯರು ನನ್ನನ್ನ ಅನುಮಾನದಿಂದ ನೋಡಿದರು. ಮನೆಯಿಂದ ನನ್ನ ಲ್ಯಾಪ್‌ಟಾಪ್ ತಂದೆ. ಎರಡರಲ್ಲೂ ಕಪ್ಪು ಪರದೆ ತೆಗೆದು ಅಸೋಕ್ ಅಂತ ಹೊಡೆದೆ. ಸಾಲುಗಳ ಉದ್ದದ ಮೆರವಣಿಗೆ, ಕೊನೆಯ ಹತ್ತಿರ ಅದೇ ನಂಬರ್. ಅವರದರಲ್ಲೂ, ನನ್ನದರಲ್ಲೂ. ಮಗನಿಗೆ ವಿಡಿಯೊ ಕಾಲ್ ಮಾಡಿದರೆ ಡಲ್ಲಾಸಿನಲ್ಲೂ ಅದೇ. ಅದು ಕಂಪ್ಯೂಟರಿನ ನಂಬರೇ ಅಲ್ಲ. ಫೈಲನ್ನ ಜಿಪ್ ಫೋಲ್ಡರಿಗೆ ಕಳಿಸೋ ಸೌಲಭ್ಯಕ್ಕೆ ವಿಂಡೋಸ್ ಇಟ್ಟ ಗುರುತು, ಎಲ್ಲ ವಿಂಡೋಸಿಗೂ ಒಂದೇ. ಇವೆಂಟ್ ವ್ಯೂವರಿನ ಕೆಂಪು ಗುರುತೂ ಹಾಗೇ, ಚೆನ್ನಾಗಿರೋ ಕಂಪ್ಯೂಟರಿನಲ್ಲೂ ದಿನಾ ಬೀಳುತ್ತೆ. ಹಳೇ ಆಟ ಇದು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥ ಆರು ಗುಂಪುಗಳ ಮೇಲೆ ಕೇಸು ಹಾಕಿದ್ದು 2012ರ ಅಕ್ಟೋಬರಿನಲ್ಲಿ, ಹೆಚ್ಚಿನವು ಭಾರತದಿಂದಲೇ ಕರೆ ಮಾಡುತ್ತಿದ್ದವು. 2023ರ ಅಕ್ಟೋಬರಿನಲ್ಲಿ ಸಿಬಿಐ ಆಪರೇಷನ್ ಚಕ್ರ-2 ಅಂತ 76 ಕಡೆ ದಾಳಿ ಮಾಡಿದಾಗಲೂ ಕಂಪನಿ ಹೆಸರು ಹೇಳಿ ಹೆದರಿಸೋ ಇಂಥ ಕಾಲ್ ಸೆಂಟರುಗಳು ಸಿಕ್ಕಿದ್ದವು. ಹದಿನೈದು ವರ್ಷದ ಹತ್ತಿರಕ್ಕೆ ಬಂದರೂ ಮಾತು ಬದಲಾಯಿಸೋ ಅಗತ್ಯ ಅವರಿಗೆ ಬಿದ್ದಿಲ್ಲ.

"ದುಡ್ಡು ಹೋಯಿತಾ?" ಅಂದೆ.

"ಎಲ್ಲಿ ಹೋಗುತ್ತೆ? ನೆಟ್ ಬ್ಯಾಂಕಿಂಗ್ ತೆಗೀರಿ ಅಂದ, ಇವರು ತೆಗೆಯೋಕೆ ಹೊರಟರು. ನಾನು ಯುಪಿಎಸ್ ಸ್ವಿಚ್ಚೇ ಆರಿಸಿಬಿಟ್ಟೆ" ಅಂದರು ಅಮ್ಮಾವರು. ಆ ಮನೆಯಲ್ಲಿ ಆವತ್ತು ಸರಿಯಾಗಿ ಕೆಲಸ ಮಾಡಿದ ಆಂಟಿವೈರಸ್ ಅವರೊಬ್ಬರೇ. ಹೋಗಿದ್ದಿದ್ದರೆ ಗಂಟೆ ತಡ ಮಾಡದೆ 1930ಕ್ಕೆ ಕರೆ ಮಾಡಬೇಕು, ಆ ಕಡೆಯವನು ದುಡ್ಡು ತೆಗೆಯೋಕೆ ಮುಂಚೆ ತಡೆಹಿಡಿಯೋ ಅವಕಾಶ ಇರೋದು ಆಗಲೇ. ದೇಶದ ಮೊದಲ ಸೈಬರ್ ಪೊಲೀಸ್ ಠಾಣೆ 2001ರಲ್ಲಿ ತೆರೆದದ್ದು ನಮ್ಮ ಬೆಂಗಳೂರಿನಲ್ಲೇ, ಆದರೂ ಎಷ್ಟೋ ಜನ ನಾಚಿಕೆಯಿಂದ ಮೂರು ದಿನ ಮನೆಯಲ್ಲೇ ಕೂತು ಆಮೇಲೆ ಹೋಗ್ತಾರೆ.

ಸೈಬರ್ ಸ್ವಚ್ಛತಾ ಕೇಂದ್ರ ಅಂತ ಒಂದಿದೆ, 2017ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು, ಸರ್ಟ್-ಇನ್ ನಡೆಸುತ್ತೆ, ಸ್ವಚ್ಛ ಮಾಡೋ ಉಪಕರಣ ಬಿಟ್ಟಿ ಕೊಡ್ತಾರೆ ಅಂದೆ. ರಾಯರು ತಕ್ಷಣ ಹಿಡಿದರು, "ಈಗ ತಾನೇ ಬಿಟ್ಟಿ ಇಳಿಸಿಕೊಂಡಿದ್ದಕ್ಕೆ ಬೈದೆ?"

"ಬಿಟ್ಟಿ ತಪ್ಪಲ್ಲ ಸಾರ್. ನಿಮ್ಮ ಕಂಪ್ಯೂಟರಿನಲ್ಲಿರೋ ನುಡಿಯೂ ಬಿಟ್ಟಿಯೇ. ಅದನ್ನ ಮಾಡಿದ ಕನ್ನಡ ಗಣಕ ಪರಿಷತ್ತಿನವರ ಹೆಸರಿದೆ, ವಿಳಾಸ ಇದೆ. ನಿಮ್ಮ ಜಾತಕದವನದು ಏನಿದೆ?"

ಅವರು ಸುಮ್ಮನಾದರು. ನಾನು ಹೊರಗಿನ ಹಾರ್ಡ್‌ಡಿಸ್ಕಿಗೆ ಫೋಟೊ, ವಿಡಿಯೊ, ಕಾಗದಪತ್ರ ಕಾಪಿ ಮಾಡತೊಡಗಿದೆ. ಸೆಟಪ್ ಫೈಲುಗಳು, ಇ ಎಕ್ಸ್ ಇ ಅಂತ ಕೊನೆಯಾಗೋದು ಒಂದನ್ನೂ ಮುಟ್ಟಲಿಲ್ಲ. ಎಲ್ಲ ಬಂದಿದೆಯಾ ಅಂತ ಅಮ್ಮಾವರು ಒಂದೊಂದು ಆಲ್ಬಂ ತೆಗೆಸಿ ನೋಡಿದರು, ಧರ್ಮಸ್ಥಳದ್ದು ಎರಡು ಸಲ ನೋಡಿದರು. ಆಮೇಲೆ ಹೇಳಿದೆ, "ಈಗ ಫಾರ್ಮ್ಯಾಟ್ ಹೊಡೆಯೋಣ ಸಾರ್."

"ಏನಪ್ಪಾ ಇದು! ಬೆಳಗಿಂದ ಫಾರ್ಮ್ಯಾಟ್ ಹೊಡೆಯೋರನ್ನ ಬೈದು ಈಗ..."

ಟೂಲ್‌ಬಾರಷ್ಟೇ ಆಗಿದ್ದರೆ ಬೇಡ ಅನ್ನುತ್ತಿದ್ದೆ. ಆದರೆ ಗುರುತಿಲ್ಲದ ಮನುಷ್ಯ ಒಬ್ಬ ಆ ಕಂಪ್ಯೂಟರಿನ ಒಳಗೆ ಕೂತು ಎದ್ದು ಹೋಗಿದ್ದಾನೆ. ಏನು ಬಿಟ್ಟು ಹೋಗಿದ್ದಾನೆ ಅಂತ ಯಾವ ಸ್ಕ್ಯಾನೂ ಪ್ರಮಾಣ ಮಾಡಿ ಹೇಳಲ್ಲ. ಫೋಟೊ ಉಳಿಸಿಕೊಂಡಾಯಿತು, ಹೇಗೆ ಬಂತು ಅಂತ ಗೊತ್ತಾಯಿತು, ಇನ್ನು ಅಳಿಸಿದರೆ ನಷ್ಟವಿಲ್ಲ. ಮೇಲಾಗಿ ಅದರಲ್ಲಿದ್ದದ್ದು ವಿಂಡೋಸ್ 10, ಮೈಕ್ರೋಸಾಫ್ಟ್ ಅದರ ಮಾಮೂಲಿ ಬೆಂಬಲವನ್ನ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದೆ. ಹೊಸದು ಹಾಕೋಕೆ ಹೇಗೂ ಒಂದು ನೆಪ ಬೇಕಿತ್ತು.

ಅದು ಓಡುತ್ತಿದ್ದಾಗ ಪಾಸ್‌ವರ್ಡುಗಳ ಕೆಲಸಕ್ಕೆ ಕೂತೆವು. ಅಮ್ಮಾವರ ಫೋನಿನಲ್ಲಿ, ಯಾಕೆಂದರೆ ಅದೊಂದೇ ಶುದ್ಧವಾಗಿದ್ದದ್ದು. ಬ್ರೌಸರ್ ನೆನಪಿಟ್ಟುಕೊಂಡಿರೋ ಪಾಸ್‌ವರ್ಡುಗಳನ್ನ ಈಗಿನ ಕಳ್ಳ ಪ್ರೋಗ್ರಾಂಗಳು ಒಂದೇ ಗುಕ್ಕಿಗೆ ಎತ್ತಿಕೊಂಡು ಹೋಗ್ತವೆ, ಜೊತೆಗೆ ಲಾಗಿನ್ ಆಗಿಯೇ ಇರೋ ಗುರುತನ್ನೂ. ಆಗ ಒಟಿಪಿ ಕೇಳೋ ಪ್ರಶ್ನೆಯೇ ಬರಲ್ಲ. ಆದ್ದರಿಂದ ಮೇಲ್‌ಗೆ ಹೋಗಿ ಎಲ್ಲ ಕಡೆಯಿಂದ ಲಾಗೌಟ್ ಮಾಡಿಸಿ, ಆಮೇಲೆ ಬದಲಾಯಿಸಿದ್ದು. ಬ್ಯಾಂಕಿಗೆ ಒಂದು, ಮೇಲ್‌ಗೆ ಒಂದು, ರೈಲ್ವೆ ಟಿಕೆಟ್ಟಿಗೆ ಒಂದು. ಇದುವರೆಗೆ ಮೂರಕ್ಕೂ ರಾಯರ ಪಿಎಫ್ ನಂಬರೇ ನಡೆಯುತ್ತಿತ್ತು.

"ಇಷ್ಟೊಂದು ಯಾರು ನೆನಪಿಟ್ಟುಕೊಳ್ತಾರೆ?" ಅಂತ ರಾಯರು ಎದ್ದು ಹೋಗಿ, ಅಡುಗೆಮನೆ ಬಾಗಿಲ ಹಿಂದಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಹಿಂಬದಿಯಲ್ಲಿ ಮೂರನ್ನೂ ಮುತ್ತಿನಂಥ ಅಕ್ಷರದಲ್ಲಿ ಬರೆದರು. ನಾನು ತಡೆಯಲಿಲ್ಲ. ಎಲ್ಲ ಕಡೆಗೂ ಒಂದೇ ಪಾಸ್‌ವರ್ಡ್ ಇಡೋದಕ್ಕಿಂತ ಇದು ಎಷ್ಟೋ ವಾಸಿ. ರಷ್ಯದಲ್ಲಿ ಕೂತವನು ಯಲಹಂಕದ ಕ್ಯಾಲೆಂಡರ್ ತಿರುಗಿಸಿ ನೋಡೋಕಾಗಲ್ಲ.

ಅಮ್ಮಾವರಿಗೆ ಮಾತ್ರ ಸಮಾಧಾನವಿಲ್ಲ. "ಬುಧವಾರ ಹಳೇಪೇಪರಿನವನು ಬಂದಾಗ ಇವರೇ ಎತ್ತಿ ಹಾಕ್ತಾರೆ ನೋಡ್ತಿರಿ" ಅಂತ ಚುರುಮುರಿ ತಟ್ಟೆ ತೆಗೆದುಕೊಂಡು ಒಳಗೆ ಹೋದರು.